ಯಂತ್ರ ಲೆಕ್ಕ ಹಾಕೀತು, ಹೊಣೆ ಹೊತ್ತೀತೇ?

ಕೃತಕ ಬುದ್ಧಿಮತ್ತೆ ಎಂಬ ಮಾತು ಇಂದು ಚಹಾದಂಗಡಿಯಿಂದ ಹಿಡಿದು ಕಚೇರಿಯವರೆಗೆ ಎಲ್ಲರ ಬಾಯಲ್ಲೂ ಕೇಳಿಬರುತ್ತಿದೆ. ಅರ್ಜಿ ಬರೆಯಲು, ಮಕ್ಕಳ ಪಾಠಕ್ಕೆ, ಔಷಧಿಯ ವಿಚಾರಕ್ಕೆ ಮೊಬೈಲನ್ನು ಕೇಳುತ್ತಿದ್ದವರು ಈಗ ಧರ್ಮದ ಪ್ರಶ್ನೆಗಳನ್ನೂ ಅದರಲ್ಲೇ ಕೇಳತೊಡಗಿದ್ದಾರೆ. ಇದು ಎಲ್ಲ ಧರ್ಮದವರಿಗೂ ಎದುರಾಗಿರುವ ವಿಚಾರ. ಆದರೆ ಪ್ರಾರ್ಥನೆಯಿಂದ ತೊಡಗಿ ಮದುವೆ, ಸಾಲ, ಆಸ್ತಿ ಪಾಲಿನವರೆಗೆ ನಿಯಮ ಹೇಳುವ ಇಸ್ಲಾಮಿನಲ್ಲಿ ಈ ಚರ್ಚೆ ವಿಶೇಷವಾಗಿ ನಡೆಯುತ್ತಿದೆ. ನೆರೆಹೊರೆಯವರಾದ ನಾವೆಲ್ಲರೂ ಅದನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಹೆಸರು ಬಂದದ್ದೇ ಬಾಗ್ದಾದಿನಿಂದ

ಕಂಪ್ಯೂಟರ್ ಅನುಸರಿಸುವ ಲೆಕ್ಕದ ಕ್ರಮಕ್ಕೆ 'ಅಲ್ಗಾರಿದಮ್' ಎನ್ನುತ್ತಾರೆ. 9ನೇ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಗಣಿತಜ್ಞ ಅಲ್ ಖ್ವಾರಿಝ್ಮಿ ಅವರ ಹೆಸರೇ ಲ್ಯಾಟಿನ್ ಭಾಷೆಯವರ ಬಾಯಲ್ಲಿ ಹೀಗಾಯಿತು. ನಮ್ಮ ಭಾರತದ ಅಂಕಿಗಳಿಂದ ಲೆಕ್ಕ ಮಾಡುವ ವಿಧಾನವನ್ನು ಕುರಿತು ಗ್ರಂಥ ಬರೆದವರು ಅವರು. ಬೀಜಗಣಿತಕ್ಕೆ 'ಆಲ್ಜಿಬ್ರಾ' ಎಂಬ ಹೆಸರೂ ಅವರ ಇನ್ನೊಂದು ಗ್ರಂಥದಿಂದಲೇ ಬಂದಿದೆ. ಆ ಗ್ರಂಥದ ದೊಡ್ಡ ಭಾಗ ವಾರಸುದಾರರ ಆಸ್ತಿ ಪಾಲಿನ ಲೆಕ್ಕಕ್ಕೆ ಮೀಸಲಾಗಿದೆ. 1206ರಲ್ಲಿ ಅಲ್ ಜಝರಿ ಎಂಬವರು ಆನೆಯಾಕಾರದ ಗಡಿಯಾರ, ಕೈ ತೊಳೆಯಲು ನೀರು ಕೊಡುವ ಯಂತ್ರದ ಗೊಂಬೆ ಮುಂತಾದವುಗಳ ರಚನೆಯನ್ನು ವಿವರಿಸಿ ಪುಸ್ತಕ ಬರೆದಿದ್ದಾರೆ.

ಆದ್ದರಿಂದ ಯಂತ್ರವೆಂಬುದು ಮುಸ್ಲಿಂ ಜಗತ್ತಿಗೆ ಹೊಸತಲ್ಲ. ಆದರೂ ಹೊಸ ಉಪಕರಣ ಬಂದಾಗಲೆಲ್ಲ ಚರ್ಚೆಯಾಗಿದೆ. ಒಟ್ಟೋಮನ್ ರಾಜ್ಯದಲ್ಲಿ 1727ರಲ್ಲಿ ಇಬ್ರಾಹಿಂ ಮುತಫರ್ರಿಕಾ ಅವರಿಗೆ ಮುದ್ರಣಾಲಯ ತೆರೆಯಲು ಅನುಮತಿ ಸಿಕ್ಕಿದಾಗ ಧಾರ್ಮಿಕ ಗ್ರಂಥಗಳನ್ನು ಬಿಟ್ಟು ಉಳಿದವನ್ನು ಮುದ್ರಿಸಬೇಕೆಂಬ ಷರತ್ತಿತ್ತು. ಮಸೀದಿಗೆ ಧ್ವನಿವರ್ಧಕ ಬಂದಾಗಲೂ ಉಲಮಾಗಳಲ್ಲಿ ವಾದವಿವಾದಗಳು ನಡೆದು, ಕ್ರಮೇಣ ಒಪ್ಪಿಗೆ ದೊರೆಯಿತು. ನಿಷೇಧವಿಲ್ಲದ ಲೌಕಿಕ ವಸ್ತುಗಳೆಲ್ಲ ಬಳಕೆಗೆ ಯೋಗ್ಯ ಎಂಬುದು ಇಸ್ಲಾಮಿ ನ್ಯಾಯಶಾಸ್ತ್ರದಲ್ಲಿ ಪ್ರಸಿದ್ಧವಾದ ಸೂತ್ರ. ಹಾಗಾಗಿ ಕೃತಕ ಬುದ್ಧಿಮತ್ತೆಯನ್ನೂ ಹೆಚ್ಚಿನ ವಿದ್ವಾಂಸರು ಉಪಕರಣವೆಂದೇ ಪರಿಗಣಿಸಿದ್ದಾರೆ. ಅದರಿಂದ ಏನು ಮಾಡಿಸಿಕೊಳ್ಳುತ್ತೇವೆ ಎಂಬುದರ ಮೇಲೆ ಅದರ ಒಳಿತು ಕೆಡುಕು ನಿಂತಿದೆ.

ದುಬೈ, ರೋಮ್, ಕೈರೋ

2019ರಲ್ಲಿ ದುಬೈಯ ಇಸ್ಲಾಮಿ ವ್ಯವಹಾರಗಳ ಇಲಾಖೆ ಪ್ರಾರ್ಥನೆಗೆ ಸಂಬಂಧಿಸಿದ ಪ್ರಶ್ನೆಗಳಿಗೆ ಯಂತ್ರವೇ ಉತ್ತರಿಸುವ ಸೇವೆಯನ್ನು ಆರಂಭಿಸಿತು. 2023ರ ಜನವರಿಯಲ್ಲಿ ವ್ಯಾಟಿಕನ್‌ನಲ್ಲಿ ಕ್ರೈಸ್ತ, ಯಹೂದಿ ಮತ್ತು ಮುಸ್ಲಿಂ ಪ್ರತಿನಿಧಿಗಳು ಒಟ್ಟಿಗೆ ಕುಳಿತು, ಕೃತಕ ಬುದ್ಧಿಮತ್ತೆ ಮನುಷ್ಯನ ಘನತೆಗೆ ಕುಂದು ತರಬಾರದೆಂಬ ಘೋಷಣೆಗೆ ಸಹಿ ಹಾಕಿದರು. 2025ರ ಆಗಸ್ಟ್‌ನಲ್ಲಿ ಕೈರೋದಲ್ಲಿ ಈಜಿಪ್ಟಿನ ಫತ್ವಾ ಸಂಸ್ಥೆ ದಾರುಲ್ ಇಫ್ತಾದ ನೇತೃತ್ವದಲ್ಲಿ ನಡೆದ ಅಂತಾರಾಷ್ಟ್ರೀಯ ಸಮ್ಮೇಳನದ ವಿಷಯವೇ ಕೃತಕ ಬುದ್ಧಿಮತ್ತೆಯ ಕಾಲದಲ್ಲಿ ಮುಫ್ತಿ ಹೇಗಿರಬೇಕು ಎಂಬುದಾಗಿತ್ತು.

ಈ ಚರ್ಚೆಗಳಲ್ಲಿ ಎರಡು ಪದಗಳು ಮುಖ್ಯ. ಮೊದಲನೆಯದು 'ನಿಯ್ಯತ್', ಅಂದರೆ ಮನಸ್ಸಿನ ಸಂಕಲ್ಪ. ಇಸ್ಲಾಮಿನಲ್ಲಿ ಕರ್ಮದ ಬೆಲೆ ಸಂಕಲ್ಪದ ಮೇಲಿದೆ. ಯಂತ್ರ ಕುರ್‌ಆನನ್ನು ಇಂಪಾಗಿ ಓದಬಹುದು, ಆದರೆ ಅದಕ್ಕೆ ಸಂಕಲ್ಪವಿಲ್ಲ. ಎರಡನೆಯದು 'ಅಮಾನತ್', ಅಂದರೆ ನಂಬಿ ಒಪ್ಪಿಸಿದ ಹೊಣೆ. ನೌಕರನನ್ನು ಅಮಾನತಿನಲ್ಲಿಟ್ಟರು ಎಂದು ಪತ್ರಿಕೆಯಲ್ಲಿ ಓದುತ್ತೇವಲ್ಲ, ಆ ಪದವೂ ಇದೇ ಮೂಲದ್ದು. ಕನ್ನಡಕ್ಕೆ ಬಂದು ಅರ್ಥ ಬದಲಾಯಿಸಿಕೊಂಡಿದೆ. ಈ ಹೊಣೆಗೆ ದೇವರ ಮುಂದೆ ಉತ್ತರ ಕೊಡಬೇಕಾದವನು ಮನುಷ್ಯ. ಯಂತ್ರವನ್ನು ಕಟಕಟೆಯಲ್ಲಿ ನಿಲ್ಲಿಸಲಾಗದು.

ಸಹಿ ಇಲ್ಲದ ವೋಚರ್

ಪ್ರವಾದಿಯವರ ವಚನಗಳಾದ ಹದೀಸ್‌ಗಳನ್ನು ಸಂಗ್ರಹಿಸಿದ ಇಮಾಮ್ ಬುಖಾರಿಯಂಥ 9ನೇ ಶತಮಾನದ ವಿದ್ವಾಂಸರು ಪ್ರತಿಯೊಂದು ವಚನಕ್ಕೂ ಯಾರು ಯಾರಿಂದ ಕೇಳಿದರು ಎಂಬ ಸರಪಳಿಯನ್ನು ಹುಡುಕಿದರು. ಇದಕ್ಕೆ 'ಇಸ್ನಾದ್' ಎನ್ನುತ್ತಾರೆ. ಸರಪಳಿಯ ಒಂದು ಕೊಂಡಿ ಸಂಶಯಾಸ್ಪದವಾದರೂ ವಚನದ ಬೆಲೆ ಇಳಿಯುತ್ತಿತ್ತು. ಬ್ಯಾಂಕಿನಲ್ಲಿ ದುಡಿಯುವ ನನ್ನಂಥವನಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಒಬ್ಬ ಎಂಟ್ರಿ ಮಾಡಿದ ವೋಚರನ್ನು ಇನ್ನೊಬ್ಬ ಪರಿಶೀಲಿಸಿ ಸಹಿ ಮಾಡದೆ ಪಾಸ್ ಮಾಡುವಂತಿಲ್ಲ. ನಾಳೆ ವ್ಯತ್ಯಾಸ ಬಂದರೆ ಯಾರನ್ನು ಕೇಳಬೇಕೆಂದು ಸಹಿ ಹೇಳುತ್ತದೆ.

ಮೊಬೈಲಿನ ಉತ್ತರಕ್ಕೆ ಇಂಥ ಸಹಿ ಇಲ್ಲ. ಮೇಲಾಗಿ ಈ ಯಂತ್ರಗಳು ಇಲ್ಲದ ಆಧಾರವನ್ನು ಇದೆಯೆಂದು ಹೇಳುವುದುಂಟು. 2023ರಲ್ಲಿ ನ್ಯೂಯಾರ್ಕಿನಲ್ಲಿ ಯಂತ್ರ ಸೃಷ್ಟಿಸಿದ ಸುಳ್ಳು ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿದ ವಕೀಲರಿಗೆ 5,000 ಡಾಲರ್ ದಂಡ ಬಿತ್ತು. ತೀರ್ಪಿನ ವಿಷಯದಲ್ಲಿ ಹೀಗಾದರೆ ಹದೀಸಿನ ವಿಷಯದಲ್ಲಿ ಆಗದೆಂಬ ಭರವಸೆ ಏನು?

1.75 ಲಕ್ಷದ ವ್ಯತ್ಯಾಸ

ಒಂದು ಉದಾಹರಣೆ ನೋಡೋಣ. ಒಬ್ಬರು 26 ಲಕ್ಷ ರೂಪಾಯಿ ಬಿಟ್ಟು ತೀರಿಕೊಂಡರು ಎಂದಿಟ್ಟುಕೊಳ್ಳಿ. ಹೆಂಡತಿ, ಒಬ್ಬ ಮಗ, ಒಬ್ಬಳು ಮಗಳು ಇದ್ದಾರೆ. ಮಕ್ಕಳಿರುವಾಗ ಹೆಂಡತಿಗೆ ಎಂಟನೇ ಒಂದು ಪಾಲು. ಉಳಿದುದರಲ್ಲಿ ಮಗನಿಗೆ ಎರಡು, ಮಗಳಿಗೆ ಒಂದು ಪಾಲು. ಯಂತ್ರ ಕ್ಷಣದಲ್ಲಿ ಲೆಕ್ಕ ಹಾಕಿ ತಾಯಿಗೆ 3.25 ಲಕ್ಷ ಎನ್ನುತ್ತದೆ. ಆದರೆ ಮದುವೆಯಲ್ಲಿ ಒಪ್ಪಿಕೊಂಡ 2 ಲಕ್ಷ ಮಹರ್ ಬಾಕಿ ಇದ್ದರೆ? ಬಾಕಿ ಮಹರ್ ಎಂದರೆ ಗಂಡನ ಸಾಲ. ಪಾಲು ಮಾಡುವ ಮುನ್ನ ಸಾಲ ತೀರಬೇಕು. ಆಗ ಉಳಿದ 24 ಲಕ್ಷದಲ್ಲಿ ತಾಯಿಗೆ 3, ಮಗನಿಗೆ 14, ಮಗಳಿಗೆ 7 ಲಕ್ಷ. ಮಹರ್ ಸೇರಿ ತಾಯಿಗೆ ಸಿಗಬೇಕಾದುದು 5 ಲಕ್ಷ. ಮೊಬೈಲ್ ಹಿಡಿದು ಕುಳಿತ ಮಗ ಮಹರಿನ ವಿಷಯ ತಿಳಿಸದಿದ್ದರೆ ಆ ವಿಧವೆ 1.75 ಲಕ್ಷ ಕಳೆದುಕೊಳ್ಳುತ್ತಾಳೆ. ಅನುಭವಿಯಾದ ಖಾಝಿಯವರು ಲೆಕ್ಕಕ್ಕೆ ಮೊದಲು ಸಾಲ ಎಷ್ಟು, ಮಹರ್ ಸಂದಿದೆಯೇ, ವಸಿಯ್ಯತ್ ಇದೆಯೇ ಎಂದು ವಿಚಾರಿಸುತ್ತಾರೆ. ತಾಯಿಯನ್ನೂ ಕರೆದು ಕೇಳುತ್ತಾರೆ.

ಪಂಥಭೇದವೂ ಉಂಟು. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿ ಪಂಥವನ್ನು ಅನುಸರಿಸುವವರು. ಉತ್ತರ ಭಾರತದ ಹೆಚ್ಚಿನ ಮುಸ್ಲಿಮರು ಹನಫಿಗಳು. ಸಂಜೆಯ ಅಸರ್ ನಮಾಝಿನ ಸಮಯವೇ ಹನಫಿಗಳಲ್ಲಿ ತಡವಾಗಿ ಆರಂಭವಾಗುತ್ತದೆ. ಮುಂಬಯಿಗೆ ಬಂದ ಮಂಗಳೂರಿನ ಹುಡುಗ ಮೊಬೈಲಿನಲ್ಲಿ ಕೇಳಿದಾಗ ಯಾವ ಪಂಥದ ಉತ್ತರ ಬಂತೆಂದು ಅವನಿಗೇ ತಿಳಿಯದಿರಬಹುದು.

ಕೇಳಿ, ಆದರೆ ವಿಚಾರಿಸಿ

ಫತ್ವಾ ಎಂದರೆ ಅಭಿಪ್ರಾಯ ಮಾತ್ರ, ಅದಕ್ಕೆ ಕಾನೂನಿನ ಬಲವಿಲ್ಲ ಎಂದು ನಮ್ಮ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ಮನುಷ್ಯರು ಕೊಟ್ಟ ಅಭಿಪ್ರಾಯಕ್ಕೇ ಈ ಮಿತಿ ಇರುವಾಗ ಯಂತ್ರದ ಮಾತನ್ನು ಕೊನೆಯ ಮಾತೆಂದು ತಿಳಿಯುವುದು ಸರಿಯಲ್ಲ. ಪದದ ಅರ್ಥ, ನಮಾಝಿನ ಸಮಯ, ಲೆಕ್ಕದ ಕರಡು ಇವುಗಳಿಗೆ ಯಂತ್ರವನ್ನು ಧಾರಾಳವಾಗಿ ಬಳಸೋಣ. ಮದುವೆ, ವಿಚ್ಛೇದನ, ಪಾಲು ಎಂದಾಗ ಮಾತ್ರ ಹೆಸರು ಹೇಳಿ ಹೊಣೆ ಹೊರುವ ವಿದ್ವಾಂಸರನ್ನೂ, ಅಗತ್ಯವಿದ್ದರೆ ವಕೀಲರನ್ನೂ ಕಾಣಬೇಕು. ನಮ್ಮ ಕನ್ನಡ ಸಂಘಗಳು ಕಂಪ್ಯೂಟರ್ ತಿಳಿದ ಯುವಕರನ್ನೂ ಎಲ್ಲ ಧರ್ಮಗಳ ಹಿರಿಯರನ್ನೂ ಒಂದೇ ವೇದಿಕೆಗೆ ಕರೆದು ಈ ವಿಷಯದ ಬಗ್ಗೆ ವಿಚಾರಗೋಷ್ಠಿ ಏರ್ಪಡಿಸಿದರೆ ಬಹಳಷ್ಟು ಮನೆಗಳಿಗೆ ಉಪಕಾರವಾದೀತು.