ಇಲ್ಲದ ವಿಮಾನ, ಇದ್ದ ವಿಮಾನ

ಹಳೆಯ ಛಾಯಾಚಿತ್ರಗಳಲ್ಲಿ ಕಾಣುವ ವಿಮಾನಗಳ ಹೆಸರನ್ನು ಪತ್ತೆಹಚ್ಚುವ ಗೀಳು ನನಗೆ ಬಹುಕಾಲದಿಂದ ಉಂಟು. ಮಸುಕಾದ ಒಂದು ಪಟ, ಅದರಲ್ಲಿ ಮೈದಾನದ ಅಂಚಿಗೆ ನಿಂತ ಒಂದು ಯಂತ್ರ, ಹಿಂಬದಿಯಲ್ಲಿ ಬರಹವಿಲ್ಲ. ಇಷ್ಟಿದ್ದರೆ ಸಾಕು, ರಜೆಯ ದಿನವೊಂದು ಕಳೆದುಹೋಗುತ್ತದೆ. “ಗುಜರಿಗೆ ಹೋದ ವಿಮಾನಕ್ಕೆ ಈಗ ನಾಮಕರಣವೇಕಯ್ಯಾ?” ಎಂದು ಮಿತ್ರರು ನಗುವುದುಂಟು. ಅವರಿಗೆ ನಾನು ಹೇಳುವುದಿಷ್ಟೆ: ಕಾಲವನ್ನು ತಿಳಿಸುವ ಸಾಲು ಸವೆದುಹೋದ ಶಾಸನವನ್ನು ವಿದ್ವಾಂಸರು ಅಕ್ಷರಗಳ ತಲೆಕಟ್ಟನ್ನೂ ತಿರುವನ್ನೂ ನೋಡಿ ಇಂಥ ಶತಮಾನದ್ದೆಂದು ನಿರ್ಣಯಿಸುವುದಿಲ್ಲವೆ? ಇದೂ ಅಂಥದೇ ಒಂದು ಓದು.

ವಿಮಾನಕ್ಕೂ ಒಂದು ಲಿಪಿಯುಂಟು. ರೆಕ್ಕೆ ಒಂದಂತಸ್ತಿನದೋ ಎರಡಂತಸ್ತಿನದೋ, ಎಂಜಿನ್ನಿನ ಸಿಲಿಂಡರುಗಳು ಹೂವಿನ ಎಸಳುಗಳಂತೆ ಸುತ್ತಲೂ ಹರಡಿವೆಯೋ ಒಂದರ ಹಿಂದೊಂದು ಸಾಲಾಗಿ ನಿಂತಿವೆಯೋ, ಗಾಲಿಗಳು ಹಾರುವಾಗ ಒಳಕ್ಕೆ ಮಡಚಿಕೊಳ್ಳುವಂಥವೋ ಎಂಬುದನ್ನು ಮೊದಲು ಕೇಳಬೇಕು. ಆಮೇಲೆ ಬಾಲವನ್ನು ನೋಡಬೇಕು. ಇಂಗ್ಲೆಂಡಿನ ಡಿ ಹ್ಯಾವಿಲೆಂಡ್ ಕಂಪನಿಯ ಟೈಗರ್ ಮಾತ್ ವಿಮಾನದ ಬಾಲದಲ್ಲಿರುವ ಚುಕ್ಕಾಣಿಯ ದುಂಡನೆಯ ಬಾಗು, ಅದೇ ಕಂಪನಿಯ ಕೆನಡಾ ಶಾಖೆಯಲ್ಲಿ ಮುಂದೆ ಹುಟ್ಟಿದ ಚಿಪ್‌ಮಂಕ್ ವಿಮಾನದಲ್ಲಿಯೂ ಕಾಣುತ್ತದೆ. ಅಜ್ಜನ ಮೂಗು ಮೊಮ್ಮಗನಲ್ಲಿ ಕಂಡಹಾಗೆ. ಕಾಲವನ್ನು ಹೇಳುವುವು ಮೈಮೇಲಿನ ಗುರುತುಗಳು. ಮೊದಲನೆಯ ಮಹಾಯುದ್ಧದ ಜರ್ಮನ್ ವಿಮಾನಗಳ ಶಿಲುಬೆಯ ತೋಳುಗಳು ತುದಿಯಲ್ಲಿ ಅಗಲವಾಗಿದ್ದವು. 1918ರಲ್ಲಿ ಅವು ನೇರ ಪಟ್ಟಿಗಳಾದವು. ಅಮೆರಿಕದ ನಕ್ಷತ್ರದ ನಡುವಿನ ಕೆಂಪು ಬೊಟ್ಟು 1942ರಲ್ಲಿ ಮಾಯವಾಯಿತು.

ಆದರೆ ಬಣ್ಣವನ್ನು ನಂಬುವಂತಿಲ್ಲ. ಆರ್ಥೊಕ್ರೊಮ್ಯಾಟಿಕ್ ಎಂಬ ಹಳೆಯ ಫಿಲ್ಮಿಗೆ ಕೆಂಪು ಕಾಣುತ್ತಲೇ ಇರಲಿಲ್ಲ. ನೀಲಿ ಅತಿಯಾಗಿ ಕಾಣುತ್ತಿತ್ತು. ಆದ್ದರಿಂದ ಅಂಥ ಪಟದಲ್ಲಿ ಕೆಂಪು ಕಪ್ಪಾಗಿಯೂ ನೀಲಿ ಬಿಳುಪಾಗಿಯೂ ಬೀಳುತ್ತವೆ, ಹಳದಿಯೂ ಗಾಢವಾಗುತ್ತದೆ. ಬ್ರಿಟಿಷರ ವೃತ್ತಚಿಹ್ನೆಯ ನಡುವೆ ಇದ್ದದ್ದು ಕೆಂಪು, ಫ್ರೆಂಚರದರಲ್ಲಿ ನೀಲಿ. ನಡುವಿನ ಕರಿಯ ಬೊಟ್ಟನ್ನು ನೀಲಿಯೆಂದು ಬಗೆದವನು ಬ್ರಿಟಿಷ್ ವಿಮಾನವನ್ನು ಫ್ರಾನ್ಸಿಗೆ ದಾನಮಾಡಿಬಿಡುತ್ತಾನೆ! ಮುದ್ರಿಸುವಾಗ ನೆಗೆಟಿವ್ ಮಗುಚಿಕೊಂಡಿದ್ದರೆ ಎಡ ಬಲವಾಗುತ್ತದೆ. ಅಕ್ಷರಗಳಿಲ್ಲದ ಪಟದಲ್ಲಿ ಅದೂ ತಟ್ಟನೆ ತಿಳಿಯದು.

ಇವು ಯಾರೂ ಬೇಕೆಂದು ಮಾಡಿದ ಮೋಸಗಳಲ್ಲ. ಬೇಕೆಂದೇ ಮಾಡಿದ ಮೋಸವೂ ಒಂದುಂಟು. ಜರ್ಮನಿಯ ಹೈಂಕೆಲ್ ಕಂಪನಿಯ ಹೈಂಕೆಲ್ 100 ಎಂಬ ವಿಮಾನವು 1939ರ ಮಾರ್ಚ್ 30ರಂದು ಗಂಟೆಗೆ 746 ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಹಾರಿ ಜಗತ್ತಿನ ದಾಖಲೆಯನ್ನೇ ಮುರಿಯಿತು. ಆದರೂ ಅಲ್ಲಿಯ ವಾಯುಪಡೆ ಅದನ್ನು ಸ್ವೀಕರಿಸಲಿಲ್ಲ. ಕೈಯಲ್ಲಿ ಉಳಿದ ಕೆಲವೇ ಯಂತ್ರಗಳಿಗೆ 1940ರಲ್ಲಿ ಪ್ರಚಾರ ಇಲಾಖೆಯವರು ಮತ್ತೆ ಮತ್ತೆ ಬೇರೆ ಬೇರೆ ಸ್ಕ್ವಾಡ್ರನ್ನುಗಳ ಕಲ್ಪಿತ ಲಾಂಛನಗಳನ್ನು ಬಳಿದು, ಸಾಲಾಗಿ ನಿಲ್ಲಿಸಿ ಪಟ ತೆಗೆಸಿ, “ಹೈಂಕೆಲ್ 113” ಎಂಬ ಹೊಸ ಹೆಸರಿಟ್ಟು ಪ್ರಕಟಿಸಿದರು. ಜನ ನಂಬಿದರು. ಆಗಸದಲ್ಲಿ ಹೋರಾಡಿ ಹಿಂದಿರುಗಿದ ಬ್ರಿಟಿಷ್ ಪೈಲಟರು ತಾವು ಹೈಂಕೆಲ್ 113ನ್ನು ಎದುರಿಸಿದೆವೆಂದು ವರದಿ ಬರೆದರು! ಅವರ ಕಣ್ಣಿಗೆ ಬಿದ್ದದ್ದು ಬಹುಮಟ್ಟಿಗೆ ಮೆಸರ್‌ಸ್ಮಿಟ್ 109. ಇಲ್ಲದ ಸೈನ್ಯವೊಂದು ಪಟದ ಬಲದಿಂದ ದಾಖಲೆಗಳಲ್ಲಿ ಹಾರಾಡಿತು.

ಇದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ನಮ್ಮ ಬೆಂಗಳೂರಿನ ಕಡೆ ಹೊರಳುತ್ತದೆ. ಇಲ್ಲಿಯ ಕಥೆ ಅದಕ್ಕೆ ತೀರ ವಿರುದ್ಧವಾದದ್ದು. 1940ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಾಯದಿಂದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದರು. ಮರುವರ್ಷ ಆಗಸ್ಟಿನಲ್ಲಿ ಅಲ್ಲಿ ಜೋಡಿಸಿದ, ಅಮೆರಿಕದವರು ರೂಪಿಸಿದ ಹಾರ್ಲೊ ತರಬೇತಿ ವಿಮಾನ ಹಾರಿತು. ಅದೇ ಯುದ್ಧಕಾಲದಲ್ಲಿ ಡಾ. ವಿ. ಎಂ. ಘಾಟಗೆಯವರು ಹತ್ತು ಮಂದಿ ಕೂರಬಲ್ಲ ಜಿ-1 ಎಂಬ ಗ್ಲೈಡರನ್ನು ರೂಪಿಸಿದರು. ಜರ್ಮನಿಯ ಗಟಿಂಗೆನ್ನಿನಲ್ಲಿ ಪ್ರಾಂಟ್ಲ್ ಎಂಬ ಮಹಾವಿಜ್ಞಾನಿಯ ಬಳಿ ಅಭ್ಯಾಸ ಮಾಡಿ ಬಂದಿದ್ದ ಅವರೇ, 1951ರಲ್ಲಿ ಹಾರಿದ ಎಚ್‌ಟಿ-2 ವಿಮಾನದ ಶಿಲ್ಪಿಯೂ ಹೌದು. ಜಿ-1 ತಯಾರಾದದ್ದು ಒಂದೇ ಒಂದು. 1943ರ ಹೊತ್ತಿಗೆ ಕಾರ್ಖಾನೆ ಅಮೆರಿಕದ ಸೇನೆಯ ದುರಸ್ತಿ ಕೇಂದ್ರವಾಯಿತು; ಮೈದಾನದ ತುಂಬ ಅವರ ಯಂತ್ರಗಳೇ.

ಆ ವರ್ಷಗಳ ಹೆಸರಿಲ್ಲದ ಪಟವೊಂದರಲ್ಲಿ ಗ್ಲೈಡರ್ ಕಂಡರೆ, ಬರ್ಮಾದ ಯುದ್ಧದಲ್ಲಿ ಬಳಕೆಯಾದ ಅಮೆರಿಕದ “ವಾಕೋ” ಎಂದು ಬರೆದುಬಿಡುವುದು ಎಷ್ಟು ಸುಲಭ! ಹಾಗೆ ಬರೆದ ಕ್ಷಣದಲ್ಲಿ ಒಬ್ಬ ಶಿಲ್ಪಿಯ ಬುದ್ಧಿಯೂ, ತಗಡು ಮರ ಕೊರೆದು ಜೋಡಿಸಿದ ಕೆಲಸಗಾರರ ದುಡಿಮೆಯೂ ಪರರ ಖಾತೆಗೆ ಜಮೆಯಾಗುತ್ತವೆ. ಹನ್ನೆರಡು ಯಂತ್ರಗಳಿಗೆ ಸುಳ್ಳು ಹೆಸರಿಟ್ಟಾಗ ಸೈನ್ಯವೇ ಹುಟ್ಟಿತು. ಒಂದೇ ಯಂತ್ರದ ನಿಜವಾದ ಹೆಸರು ತಪ್ಪಿದರೆ ಅದು ಇದ್ದದ್ದಕ್ಕೇ ಸಾಕ್ಷಿ ಉಳಿಯದು.

“ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು” ಎನ್ನುತ್ತದೆ ನಮ್ಮ ಗಾದೆ. ಅದನ್ನೇ ನಾನು ನಿಯಮವಾಗಿ ಇಟ್ಟುಕೊಂಡಿದ್ದೇನೆ. ರೆಕ್ಕೆ, ಎಂಜಿನ್, ಬಾಲ, ಗುರುತು, ಇವುಗಳಲ್ಲಿ ಮೂರಾದರೂ ಒಂದೇ ಮಾತನ್ನು ಹೇಳುವವರೆಗೆ ಪಟಕ್ಕೆ ಹೆಸರು ಬರೆಯುವುದಿಲ್ಲ. “ತಿಳಿಯದು” ಎಂದೇ ಗುರುತು ಹಾಕುತ್ತೇನೆ. ತಿಳಿಯದೆಂದು ಬರೆದಿಟ್ಟ ಪಟವನ್ನು ನಾಳೆ ಯಾರಾದರೂ ತಿಳಿದವರು ಕೈಗೆತ್ತಿಕೊಂಡಾರು. ತಪ್ಪು ಹೆಸರು ಹೊತ್ತ ಪಟವನ್ನು ಮತ್ತೆ ಪರೀಕ್ಷಿಸುವವರು ವಿರಳ.

ಓದುಗರ ಮನೆಗಳಲ್ಲಿಯೂ ಹಳೆಯ ಆಲ್ಬಮ್ಮುಗಳು ಇದ್ದೇ ಇರುತ್ತವೆ. ವಿಮಾನವೇ ಆಗಬೇಕೆಂದಿಲ್ಲ, ಮನುಷ್ಯರಾದರೂ ಸರಿ. ಹೆಸರು ಬಲ್ಲ ಹಿರಿಯರು ಇರುವಾಗಲೇ ಅವರನ್ನು ಕೇಳಿ, ಪಟದ ಬೆನ್ನ ಮೇಲೆ ಮೆತ್ತನೆಯ ಪೆನ್ಸಿಲಿನಿಂದ ಹೆಸರು, ಊರು, ವರ್ಷವನ್ನು ಬರೆದಿಡುವುದು ಒಳ್ಳೆಯದು.