ಬೇಬಿ ವಾಕರ್: ತರಿಸುವ ಮುನ್ನ ತಿಳಿದಿರಬೇಕಾದ ಸತ್ಯಗಳು

ಚಿಂತಾಮಣಿಯಿರಲಿ, ಗೌರಿಬಿದನೂರಿರಲಿ, ಮಕ್ಕಳ ಸಾಮಾನಿನ ಅಂಗಡಿಗಳಲ್ಲಿ ವಾಕರ್‌ಗೆ ಸದಾ ಬೇಡಿಕೆ. ‘ಮಗೂಗೆ ಹತ್ತು ತಿಂಗಳಾಯ್ತು, ಇನ್ನೂ ನಿಲ್ತಿಲ್ಲ, ಒಂದು ವಾಕರ್ ಕೊಡಪ್ಪ’ ಎಂದು ಅಜ್ಜಿ ಕೇಳುತ್ತಾರೆ, ಅಂಗಡಿಯವರು ಕೊಡುತ್ತಾರೆ. ಖಾಸಗಿ ಶಿಶುವಿಹಾರಕ್ಕೋ ಗ್ರಾಮ ಪಂಚಾಯಿತಿಯ ‘ಕೂಸಿನ ಮನೆ’ಗೋ ಸಾಮಾನಿನ ಪಟ್ಟಿ ಬರೆಯುವವರೂ ಕೇಳಬಹುದಾದ ಪ್ರಶ್ನೆ: ಯಾವ ವಾಕರ್ ಸುರಕ್ಷಿತ? ನೇರ ಉತ್ತರ ಇದು: ಮಗುವನ್ನು ಸೀಟಿನಲ್ಲಿ ಕೂರಿಸಿ ಗಾಲಿಯ ಮೇಲೆ ಓಡಾಡಿಸುವ ವಾಕರ್‌ಗಳಲ್ಲಿ ನೆಚ್ಚಿ ಕೊಳ್ಳುವಂಥದ್ದು ಒಂದೂ ಇಲ್ಲ. ಹಾಗಿದ್ದೂ ಅದು ಮಾರಾಟವಾಗುತ್ತಿರುವುದು ಕೆಲವು ನಂಬಿಕೆಗಳ ಬಲದಿಂದ.

ತಪ್ಪು ಕಲ್ಪನೆ 1: ವಾಕರ್‌ನಲ್ಲಿ ಕೂರಿಸಿದರೆ ಮಗು ಬೇಗ ನಡೆಯುತ್ತದೆ.

ಸತ್ಯ: ತಡವಾಗುವ ಸಾಧ್ಯತೆಯೇ ಹೆಚ್ಚು. ಸೀಟಿನಲ್ಲಿ ಕೂತ ಮಗುವಿನ ಭಾರವನ್ನು ಬಟ್ಟೆ ಹೊರುತ್ತದೆ, ಕಾಲುಗಳಲ್ಲ. ಮಗು ಕಾಲ್ಬೆರಳ ತುದಿಯಿಂದ ನೆಲವನ್ನು ಒತ್ತಿ ಮುಂದಕ್ಕೆ ಜಾರುತ್ತದೆ. ಮುಂದಿನ ತಟ್ಟೆ ಅಡ್ಡ ಇರುವುದರಿಂದ ತನ್ನ ಪಾದ ಅದಕ್ಕೇ ಕಾಣುವುದಿಲ್ಲ. ಅಂಬೆಗಾಲಿಟ್ಟು, ಗೋಡೆ ಹಿಡಿದು ಎದ್ದು, ಬಿದ್ದು ಕಲಿಯುವ ಸಮತೋಲನ ಇಲ್ಲಿ ಸಿಗದು. 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಐರ್ಲೆಂಡಿನ ಅಧ್ಯಯನದಲ್ಲಿ, ವಾಕರ್‌ನಲ್ಲಿ ಕಳೆದ ಪ್ರತಿ 24 ಗಂಟೆಗೆ ಮಗು ತಾನಾಗಿ ನಡೆಯುವುದು ಸರಾಸರಿ 3.3 ದಿನ ತಡವಾಗಿತ್ತು.

ಹತ್ತು ತಿಂಗಳಿಗೆ ನಡೆಯದಿದ್ದರೆ ಗಾಬರಿಯಾಗಬೇಕಿಲ್ಲ. ಭಾರತವೂ ಸೇರಿ ಐದು ದೇಶಗಳ ಮಕ್ಕಳನ್ನು ಗಮನಿಸಿದ ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ಆರೋಗ್ಯವಂತ ಮಕ್ಕಳು 8ರಿಂದ 18 ತಿಂಗಳೊಳಗೆ ಯಾವಾಗ ಬೇಕಾದರೂ ನಡೆಯಲು ಶುರು ಮಾಡಬಹುದು. ಹದಿನೆಂಟು ತಿಂಗಳು ತುಂಬಿದರೂ ನಡೆಯದಿದ್ದರೆ ತೋರಿಸಬೇಕಾದ್ದು ವೈದ್ಯರಿಗೆ.

ತಪ್ಪು ಕಲ್ಪನೆ 2: ಪಕ್ಕದಲ್ಲೇ ಇದ್ದು ನೋಡಿಕೊಂಡರೆ ಏನೂ ಆಗದು.

ಸತ್ಯ: ವಾಕರ್‌ನಲ್ಲಿರುವ ಮಗು ಒಂದೇ ಸೆಕೆಂಡಿನಲ್ಲಿ ಮೂರು ಅಡಿಗೂ ಹೆಚ್ಚು ದೂರ ಹೋಗಬಲ್ಲದು. ನೀವು ಎದ್ದು ಕೈ ಚಾಚುವಷ್ಟರಲ್ಲಿ ಅದು ಅಂಚು ದಾಟಿರುತ್ತದೆ. ಅಮೆರಿಕದಲ್ಲಿ 1990ರಿಂದ 2014ರವರೆಗೆ ಹದಿನೈದು ತಿಂಗಳೊಳಗಿನ 2.3 ಲಕ್ಷ ಮಕ್ಕಳು ವಾಕರ್‌ನಿಂದ ಪೆಟ್ಟಾಗಿ ತುರ್ತು ಚಿಕಿತ್ಸೆಗೆ ಬಂದರು. ನೂರಕ್ಕೆ ತೊಂಬತ್ತು ಮಕ್ಕಳಿಗೆ ಪೆಟ್ಟು ಬಿದ್ದದ್ದು ತಲೆಗೋ ಕತ್ತಿಗೋ. ಕೆನಡಾ 2004ರಲ್ಲೇ ವಾಕರ್‌ನ ಮಾರಾಟ, ಆಮದು, ಜಾಹೀರಾತು ಮೂರನ್ನೂ ನಿಷೇಧಿಸಿತು.

ತಪ್ಪು ಕಲ್ಪನೆ 3: ನಮ್ಮದು ನೆಲಮನೆ, ಮೆಟ್ಟಿಲೇ ಇಲ್ಲ.

ಸತ್ಯ: ಮೆಟ್ಟಿಲಿಲ್ಲದ ಮನೆಯಲ್ಲೂ ಹೊಸ್ತಿಲಿದೆ, ಜಗಲಿಯಿದೆ, ಅಂಗಳಕ್ಕೆ ಇಳಿಯುವ ಒಂದು ಗೇಣಿನ ಇಳಿಜಾರಿದೆ. ಓಡುವ ಗಾಲಿ ಹೊಸ್ತಿಲಿಗೆ ತಾಗಿದರೆ ವಾಕರ್ ಮಗುಸಮೇತ ಮಗುಚುತ್ತದೆ. ಬೀಳುವುದೊಂದೇ ಅಪಾಯವೂ ಅಲ್ಲ. ವಾಕರ್ ಮಗುವನ್ನು ಎತ್ತರಕ್ಕೆ ಏರಿಸಿ, ಕೈಗೆಟುಕದ್ದನ್ನು ಎಟುಕಿಸುತ್ತದೆ: ಮುದ್ದೆಗೆ ಇಟ್ಟ ಎಸರು, ಮೇಜಿನ ಮೇಲಿನ ಬಿಸಿ ಕಾಫಿ, ಜೋತುಬಿದ್ದ ಇಸ್ತ್ರಿಪೆಟ್ಟಿಗೆಯ ವೈರು.

ಶಿಡ್ಲಘಟ್ಟದ ರೇಷ್ಮೆ ಮನೆಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ನೂಲು ಬಿಚ್ಚುವ ಕಡೆ ಗೂಡು ಬೇಯಿಸುವ ಬಿಸಿನೀರಿನ ಬೇಸಿನ್ ಇರುತ್ತದೆ, ಹುಳು ಸಾಕುವ ಕಡೆ ಬ್ಲೀಚಿಂಗ್ ಪೌಡರ್, ಸುಣ್ಣ ಇರುತ್ತವೆ. ಮನೆ, ಕೆಲಸದ ಜಾಗ ಎರಡೂ ಒಂದೇ ಸೂರಿನಡಿ ಇರುವಲ್ಲಿ ಮಗುವಿನ ಕಾಲಿಗೆ ಗಾಲಿ ಕೊಡುವುದು ತೀರಾ ಅಪಾಯ.

ತಪ್ಪು ಕಲ್ಪನೆ 4: ಪೆಟ್ಟಿಗೆಯ ಮೇಲೆ ಗುರುತಿದ್ದರೆ ಮಾಲು ಸುರಕ್ಷಿತ.

ಸತ್ಯ: ಯಾವ ಗುರುತು ಎಂದು ನೋಡಬೇಕು. ಐಎಸ್‌ಒ 9001 ಎಂಬುದು ಕಾರ್ಖಾನೆಯ ನಿರ್ವಹಣಾ ಪದ್ಧತಿಗೆ ಸಿಗುವ ಪ್ರಮಾಣಪತ್ರ, ನಿಮ್ಮ ಕೈಲಿರುವ ಮಾಲಿನ ಪರೀಕ್ಷೆಯಲ್ಲ. ‘ಸಿಇ’ ಯುರೋಪಿನ ಮಾರುಕಟ್ಟೆಯ ಗುರುತು, ಬಹಳಷ್ಟು ಸಲ ಅದು ತಯಾರಕರ ಸ್ವಯಂ ಘೋಷಣೆ. ನಮ್ಮಲ್ಲಿ 2021ರ ಜನವರಿ 1ರಿಂದ ಹದಿನಾಲ್ಕು ವರ್ಷದೊಳಗಿನವರ ಆಟಿಕೆಗಳಿಗೆ ಐಎಸ್‌ಐ ಮುದ್ರೆ ಕಡ್ಡಾಯ. ಮುದ್ರೆಯ ಜೊತೆಗಿರುವ ‘ಸಿಎಂ/ಎಲ್’ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಪರವಾನಗಿ ಯಾರದು, ಚಾಲ್ತಿಯಲ್ಲಿದೆಯೇ ಎಂಬುದು ತಿಳಿಯುತ್ತದೆ. ಬಿಲ್ಲಿಲ್ಲದ, ತಯಾರಕರ ವಿಳಾಸವಿಲ್ಲದ ಸಗಟು ಮಾಲು ಎಷ್ಟೇ ಅಗ್ಗವಾದರೂ ಬೇಡ.

ಅಮೆರಿಕ 2010ರಲ್ಲಿ ವಾಕರ್‌ಗೆ ಕಡ್ಡಾಯ ಮಾನದಂಡ ತಂದ ಮೇಲೆ ಗಾಯಗಳು ಕಡಿಮೆಯಾದವು, ಆದರೆ ನಿಲ್ಲಲಿಲ್ಲ. ಬ್ರೇಕು, ರಬ್ಬರ್ ಪಟ್ಟಿ ಇದ್ದರೂ ಮಗುವಿನ ವೇಗ, ಎತ್ತರ ಎರಡೂ ಹಾಗೇ ಉಳಿಯುತ್ತವೆ.

ತಪ್ಪು ಕಲ್ಪನೆ 5: ವಾಕರ್ ಬಿಟ್ಟರೆ ಮಾರಲು, ಕೊಡಲು ಬೇರೇನಿದೆ?

ಸತ್ಯ: ಬೇಕಾದಷ್ಟಿದೆ. ನಿಲ್ಲಲು ಕಲಿತ ಮಗುವಿಗೆ ಹಿಂದಿನಿಂದ ಹಿಡಿದು ತಳ್ಳುವ ಮೂರು ಗಾಲಿಯ ಮರದ ಗಾಡಿ ಒಳ್ಳೆಯದು, ಅಲ್ಲಿ ಭಾರ ಹೊರುವುದು ಮಗುವಿನ ಕಾಲೇ. ತರಿಸುವಾಗ ಹಿಡಿಯನ್ನು ಹಿಂದಕ್ಕೆ, ಕೆಳಕ್ಕೆ ಜೋರಾಗಿ ಎಳೆದು ನೋಡಿ: ಗಾಡಿ ಮಗುಚಬಾರದು. ಗಾಲಿ ಸರ್ರನೆ ಜಾರಿಹೋಗಬಾರದು, ಸಣ್ಣ ಬೆರಳು ಸಿಕ್ಕುವ ಸಂದು, ಸಿಬಿರು, ಕಿತ್ತುಬರುವ ಬಿಡಿಭಾಗ ಇರಬಾರದು. ಭೌಗೋಳಿಕ ಗುರುತು ಪಡೆದ ಚನ್ನಪಟ್ಟಣದ ಆಟಿಕೆಗಳ ಅಧಿಕೃತ ಬಳಕೆದಾರರಿಗೆ ಐಎಸ್‌ಐ ನಿಯಮದಿಂದ ವಿನಾಯಿತಿ ಇದೆ. ಹಾಗಾಗಿ ಅಲ್ಲಿಂದ ತರಿಸುವಾಗ ಮಾರುವವರ ನೋಂದಣಿ ಕೇಳಿ, ಮಾಲನ್ನು ನೀವೇ ಕೈಯಾಡಿಸಿ ನೋಡಿ. ಶಿಶುವಿಹಾರಕ್ಕೆ ದಪ್ಪ ಚಾಪೆ, ಸುತ್ತ ಕಟಕಟೆಯಿರುವ ಆಟದ ಜಾಗ, ಹಿಡಿದು ನಿಲ್ಲಲು ಗಟ್ಟಿಯಾದ ತಗ್ಗು ಬೆಂಚು ಸಾಕು.

ನಮ್ಮ ಊರುಗಳಲ್ಲಿ ಅಂಗಡಿಯವರ ಮಾತಿಗೆ ಬೆಲೆಯಿದೆ. ಬಿಲ್ ಬರೆಯುವ ಮುನ್ನ ‘ಇದು ಬೇಡಮ್ಮ, ಅದು ತಗೊಳ್ಳಿ’ ಎಂದರೆ ಹೆಚ್ಚಿನವರು ಕೇಳುತ್ತಾರೆ. ಮನೆಯಲ್ಲಿ ಹಳೆಯ ವಾಕರ್ ಇದ್ದರೆ ಅದನ್ನು ಪಕ್ಕದ ಮನೆಯ ಮಗುವಿಗೆ ದಾಟಿಸಬೇಡಿ, ಗಾಲಿ ಕಿತ್ತು ಗುಜರಿಗೆ ಹಾಕಿ.