ಮಾದರಿ ಕೂರಿಗೆಗೆ ಅಗಸಿ ಎಣ್ಣೆ

ಟ್ರ್ಯಾಕ್ಟರ್ ಬಿತ್ತನೆ ಬಂದ ಮೇಲೆ ನಮ್ಮೂರಲ್ಲಿ ಕಟ್ಟಿಗೆಯ ಕೂರಿಗೆ ಎರಡೋ ಮೂರೋ ಉಳಿದಿವೆ. ಅವೂ ಅಟ್ಟ ಸೇರಿವೆ. ಅಳತೆ ಬಲ್ಲ ಬಡಿಗೇರೂ ಕಡಿಮೆಯಾದರು. ಹಾಗಾಗಿ ಬೇಸಿಗೆ ಬಿಡುವಿನಲ್ಲಿ ಕೂರಿಗೆ, ಎಡೆಕುಂಟೆ, ಚಕ್ಕಡಿಗಳ ಸಣ್ಣ ಮಾದರಿ ಮಾಡುತ್ತಿದ್ದೇನೆ. ನೋಡಿದವರು ಕೇಳುವ ಪ್ರಶ್ನೆ ಒಂದೇ: "ಇದಕ್ಕ ಏನು ಹಚ್ಚೀರಿ?"

ಹಚ್ಚುವುದಕ್ಕಿಂತ ಮೊದಲು ಅಳತೆ. ನಾನು ಅಡಿಗೆ ಒಂದು ಇಂಚು ಹಿಡಿಯುತ್ತೇನೆ. ನಮ್ಮ ಎರೆ ಹೊಲದಲ್ಲಿ ಹಿಂಗಾರಿ ಜೋಳದ ಕೂರಿಗೆಗೆ ತಾಳಿನಿಂದ ತಾಳಿಗೆ 18 ಇಂಚು. ಮಾದರಿಯಲ್ಲಿ ಅದು ಒಂದೂವರೆ ಇಂಚು. ಇದು ತಪ್ಪಿದರೆ ಅದು ಬರೀ ಆಟಿಗೆ ಸಾಮಾನು. ಸರಿಯಿದ್ದರೆ ಮುಂದೆ ಯಾರಾದರೂ ಅದನ್ನೇ ಅಳೆದು ಹನ್ನೆರಡು ಪಟ್ಟು ಮಾಡಿ ದೊಡ್ಡ ಕೂರಿಗೆ ಮಾಡಿಸಬಹುದು.

ದೊಡ್ಡ ಕೂರಿಗೆಗೆ ಜಾಲಿ ಸೈ. ಸಣ್ಣದಕ್ಕೆ ಒಣಗಿದ ಜಾಲಿ ಉಳಿಗೆ ಬಗ್ಗುವುದಿಲ್ಲ. ಬೇವು ಅಥವಾ ಬಡಿಗೇರ ಮನೆಯ ಸಾಗವಾನಿ ಚೂರು ಸಾಕು. ಕೆಚ್ಚನ್ನೇ ಆರಿಸಿ. ಹೊರಗಿನ ಬಿಳಿ ಭಾಗಕ್ಕೆ ಕುಟ್ಟೆ ಹಿಡಿಯುತ್ತದೆ, ಮೇಲೆ ಏನು ಹಚ್ಚಿದರೂ ಅದು ನಿಲ್ಲದು. ನೆರಳಲ್ಲಿ ಪೂರಾ ಒಣಗಿರಬೇಕು. ತೂತಿಗೆ ಕೊಡೆಯ ಕಡ್ಡಿ ಕಾಯಿಸಿ ಚುಚ್ಚುತ್ತೇನೆ. ಕಾಳು ಇಳಿಯುವ ಕೊಳವೆಗೆ ಬಿದಿರಿನ ಸಣ್ಣ ತುದಿ, ಹಗ್ಗಕ್ಕೆ ಪುಂಡಿ ನಾರು.

ಈಗ ಎಣ್ಣೆ ಮಾತು. ಮನೆಯಲ್ಲಿದ್ದ ಶೇಂಗಾ ಎಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಸವರಿಬಿಡುವವರೇ ಬಹಳ. ಅವತ್ತು ಮಿಂಚುತ್ತದೆ. ತಿಂಗಳು ಕಳೆದರೂ ಕೈಗೆ ಜಿಡ್ಡು, ಮೇಲೆಲ್ಲಾ ಧೂಳು. ಕಾರಣ, ಎಲ್ಲ ಎಣ್ಣೆಯೂ ಒಣಗುವುದಿಲ್ಲ. ಬೇಕಾದರೆ ಪರೀಕ್ಷೆ ಮಾಡಿ. ಒಂದು ಗಾಜಿನ ಮೇಲೆ ಶೇಂಗಾ, ಔಡಲ, ಕುಸುಬಿ, ಅಗಸಿ ಎಣ್ಣೆಗಳನ್ನು ಬೆರಳಿನಿಂದ ತೆಳ್ಳಗೆ ಸವರಿ ಬೆಳಕಲ್ಲಿ ಇಡಿ. ಅಗಸಿ ಎಲ್ಲಕ್ಕಿಂತ ಮೊದಲು ಗಟ್ಟಿ ಪೊರೆಯಾಗುತ್ತದೆ. ಕುಸುಬಿ ತಡವಾಗಿ. ಶೇಂಗಾ, ಔಡಲ ಹಸಿಯಾಗಿಯೇ ಇರುತ್ತವೆ. ಅಗಸಿ ಎಣ್ಣೆ ನೀರಿನಂತೆ ಆರಿ ಹೋಗುವುದಿಲ್ಲ. ಗಾಳಿಯ ಆಮ್ಲಜನಕ ಕೂಡಿಕೊಂಡು ಕಟ್ಟಿಗೆಯೊಳಗೇ ಗಟ್ಟಿಯಾಗುತ್ತದೆ. ಚಟ್ನಿಪುಡಿಗೆ ಅಂತ ನಾವು ನಾಲ್ಕು ಸಾಲು ಹಾಕುವ ಅಗಸಿಯೇ ಇದು.

ಗಾಣದ ಎಣ್ಣೆಯೇ ಇರಲಿ. ಬಣ್ಣದಂಗಡಿಯ 'ಡಬಲ್ ಬಾಯಿಲ್ಡ್' ಅಗಸಿ ಎಣ್ಣೆಗೆ ಬೇಗ ಒಣಗಲೆಂದು ಲೋಹದ ಲವಣ ಸೇರಿಸಿರುತ್ತಾರೆ. ಮಕ್ಕಳು ಬಾಯಿಗೆ ಇಡುವ ಸಾಮಾನಿಗೆ ಅದು ಬೇಡ. ಹಳೇ ಡಬ್ಬಿಯ ಪೇಂಟಂತೂ ಬೇಡವೇ ಬೇಡ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಜಾರಿಯಾದದ್ದೇ 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಡಬ್ಬಿಯಲ್ಲಿ ಎಷ್ಟಿದೆಯೋ ಯಾರು ಬಲ್ಲರು?

ಹಚ್ಚುವ ರೀತಿ ಸುಲಭ. ಉಪ್ಪುಕಾಗದದಿಂದ ಎಳೆಯ ಉದ್ದಕ್ಕೇ ಉಜ್ಜಿ. ಹಸಿಬಟ್ಟೆಯಿಂದ ಒಮ್ಮೆ ಒರೆಸಿದರೆ ಎಳೆ ಎದ್ದು ನಿಲ್ಲುತ್ತವೆ. ಒಣಗಿದ ಮೇಲೆ ನುಣ್ಣನೆಯ ಕಾಗದದಿಂದ ಮತ್ತೆ ಉಜ್ಜಿ. ಎಣ್ಣೆ ಸವರಿ ಕಾಲು ತಾಸು ಬಿಟ್ಟು, ಮೇಲೆ ನಿಂತದ್ದನ್ನೆಲ್ಲ ಒರೆಸಿ ತೆಗೆಯಿರಿ. ಜಾಸ್ತಿ ಉಳಿದರೆ ಅಂಟಂಟು. ವಾರ ಬಿಟ್ಟು ಇನ್ನೊಂದು ಕೈ, ಹೀಗೆ ಮೂರು ಕೈ.

ಒರೆಸಿದ ಬಟ್ಟೆಯ ಬಗ್ಗೆ ಜೋಕೆ. ಅಗಸಿ ಎಣ್ಣೆ ಒಣಗುವಾಗ ಕಾವು ಹುಟ್ಟುತ್ತದೆ. ಬಟ್ಟೆಯನ್ನು ಮುದ್ದೆ ಮಾಡಿ ಒಗೆದರೆ ಆ ಕಾವು ಒಳಗೇ ಕೂಡಿ, ಯಾರೂ ಕಡ್ಡಿ ಗೀರದೆಯೇ ಬೆಂಕಿ ಹತ್ತಬಹುದು. ಬಣವೆ ಹತ್ತಿರ, ಹೊಟ್ಟಿನ ಕೋಣೆಯಲ್ಲಿ ಎಂದೂ ಬಿಸಾಡಬೇಡಿ. ಕಲ್ಲಿನ ಮೇಲೆ ಒಂಟಿ ಪದರ ಹರವಿ ಒಣಗಿಸಿ, ಇಲ್ಲವೇ ನೀರಲ್ಲಿ ಅದ್ದಿಡಿ.

ಅರಗೂ ಒಳ್ಳೆಯದೇ. ಚನ್ನಪಟ್ಟಣದವರು ತಿರುಗುವ ಹಾಲೆ ಮರಕ್ಕೆ ಬಣ್ಣದ ಅರಗು ಒತ್ತಿ, ಉಜ್ಜಿದ ಕಾವಿಗೇ ಕರಗಿಸಿ ಹಚ್ಚುತ್ತಾರೆ. ಅದು ದುಂಡನೆಯ ಸಾಮಾನಿಗೆ ಸರಿ, ಕೂರಿಗೆ ದುಂಡಗಿಲ್ಲವಲ್ಲ! ಅರಗಿನ ಚೂರನ್ನು ಸ್ಪಿರಿಟಿನಲ್ಲಿ ಕರಗಿಸಿ ಬಟ್ಟೆಯಿಂದ ಸವರಬಹುದು. ತಾಸಿನೊಳಗೆ ಒಣಗುತ್ತದೆ, ಹೊಳಪೂ ಹೆಚ್ಚು. ಆದರೆ ನೀರು ನಿಂತರೆ ಬೆಳ್ಳಗಾಗುತ್ತದೆ, ಕಾವಿಗೆ ಮೆತ್ತಗಾಗುತ್ತದೆ. ಗಾಜಿನ ಕಪಾಟಿನಲ್ಲಿ ಇಡುವ ಮಾದರಿಗೆ ಅರಗು, ಮಕ್ಕಳು ಕೈಯಾಡಿಸುವುದಕ್ಕೆ ಅಗಸಿ – ನನ್ನ ಪದ್ಧತಿ ಇದು. ಅಗಸಿಯದು ಗೀರು ಬಿದ್ದರೆ ಆ ಜಾಗಕ್ಕಷ್ಟೇ ಉಜ್ಜಿ ಮತ್ತೆ ಸವರಿದರಾಯಿತು.

ನಿಮ್ಮ ಸೀಮೆಯ ಕೂರಿಗೆಗೆ ತಾಳು ಎಷ್ಟು, ತಾಳಿನ ನಡುವಿನ ಅಂತರ ಎಷ್ಟು? ಅಟ್ಟದಿಂದ ಇಳಿಸಿ ಟೇಪು ಹಿಡಿದು ಅಳೆದು ಪತ್ರಿಕೆಗೆ ಬರೆಯಿರಿ. ಬರುವ ಬೇಸಿಗೆಯಲ್ಲಿ ಅದನ್ನೂ ಮಾಡಿ ನೋಡುತ್ತೇನೆ.